ಉಸಿರೆಳೆದಾಗ ಎರಡಾಗುವ ‘ಡಬ್’

ಪ್ರಶ್ನೆ: ನಮ್ಮ ಅತ್ತೆಯವರಿಗೆ 68 ವರ್ಷ, ಬಿ.ಪಿ. ಇದೆ. ಮನೆಯಲ್ಲೇ ನೋಡಿಕೊಳ್ಳಲು ಬಿ.ಪಿ. ಸೆಟ್ಟು, ಸ್ಟೆತಸ್ಕೋಪು ತಂದಿದ್ದೇವೆ. ಊರಿನ ನರ್ಸಮ್ಮ ಹೇಳಿಕೊಟ್ಟಿದ್ದಾರೆ. ಮೊನ್ನೆ ಐದನೇ ಕ್ಲಾಸಿನ ಮಗಳು ‘ನನ್ನ ಎದೆಗೂ ಇಟ್ಟು ಕೇಳಮ್ಮ’ ಅಂತ ಹಟ ಹಿಡಿದಳು. ಪಾಠದಲ್ಲಿ ಇರುವ ಹಾಗೆ ಲಬ್-ಡಬ್ ಕೇಳಿಸಿತು. ಆದರೆ ಎದೆಯ ಎಡಗಡೆ ಮೇಲ್ಭಾಗದಲ್ಲಿ ಇಟ್ಟಾಗ, ಅವಳು ಉಸಿರೆಳೆದುಕೊಂಡರೆ ‘ಡಬ್’ ಒಡೆದು ‘ಡ್ರಬ್’ ಅಂದ ಹಾಗಾಗುತ್ತದೆ. ಉಸಿರು ಬಿಟ್ಟರೆ ಮತ್ತೆ ಒಂದೇ. ನನ್ನ ಎದೆಯಲ್ಲಾಗಲಿ ಅತ್ತೆಯವರ ಎದೆಯಲ್ಲಾಗಲಿ ಹೀಗೆ ಕೇಳಿಸಲಿಲ್ಲ. ಕವಾಟದ ಬಾಗಿಲು ಮುಚ್ಚುವ ಸದ್ದು ಅದು ಎಂದು ಓದಿದ್ದೇನೆ. ಹಾಗಾದರೆ ಮಗಳ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೇ? ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.
— ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ

ಉತ್ತರ: ನಿದ್ದೆ ಮಾಡಿ, ತಾಯಿ. ನೀವು ಬರೆದಿರುವ ರೀತಿಯಲ್ಲಿ, ಉಸಿರೆಳೆದಾಗ ಒಡೆದು ಉಸಿರು ಬಿಟ್ಟಾಗ ಕೂಡಿಕೊಳ್ಳುವ ಎರಡನೆಯ ಸದ್ದು ಚೆನ್ನಾಗಿರುವ ಹೃದಯದ ಲಕ್ಷಣ. ಮಕ್ಕಳಲ್ಲಿ ಅದನ್ನು ನಾವು ಹುಡುಕಿಕೊಂಡು ಹೋಗಿ ಕೇಳುತ್ತೇವೆ; ಕೇಳಿಸಿದರೆ ಸಮಾಧಾನವಾಗುತ್ತದೆ. ಇನ್ನೊಂದು ಮಾತು: ನಿಮ್ಮ ಕಿವಿ ಬಹಳ ಚುರುಕು. ವೈದ್ಯಕೀಯ ಓದುವಾಗ ಇದೇ ಒಡಕನ್ನು ಹಿಡಿಯಲು ನನಗೆ ತಿಂಗಳುಗಳೇ ಬೇಕಾದವು. ಜೊತೆಯವರೆಲ್ಲ ‘ಕೇಳಿಸಿತು ಸಾರ್’ ಎನ್ನುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ. ಕೊನೆಗೊಂದು ದಿನ ಮಕ್ಕಳ ವಾರ್ಡಿನಲ್ಲಿ ಮಲಗಿದ್ದ ತೆಳ್ಳನೆಯ ಹುಡುಗನೊಬ್ಬನ ಎದೆಯ ಮೇಲೆ, ಅವನ ಹೊಟ್ಟೆ ಏರುವುದನ್ನೇ ನೋಡುತ್ತ ಕೂತಾಗ, ಒಂದು ಸದ್ದು ನನ್ನ ಕಿವಿಯೊಳಗೇ ಎರಡಾಯಿತು. ಆ ಕ್ಷಣ ನನಗೆ ಇನ್ನೂ ನೆನಪಿದೆ. ನಿಮಗೆ ಅದು ಮೊದಲ ಸಲಕ್ಕೇ ಸಿಕ್ಕಿದೆ.

ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಹೆದರಿಕೆಯ ಬೇರು ಇರುವುದು ಆ ಹೋಲಿಕೆಯಲ್ಲೇ. ‘ಕವಾಟ’ ಎಂದರೆ ಬಾಗಿಲೇ ಆದ್ದರಿಂದ ಮರದ ಬಾಗಿಲು ಚೌಕಟ್ಟಿಗೆ ಬಡಿದಂತೆ ಎಂದು ಎಲ್ಲರೂ ಊಹಿಸಿಕೊಳ್ಳುತ್ತಾರೆ. ಆದರೆ ಹೃದಯದ ಕವಾಟದ ಎಸಳುಗಳು ತೆಳುವಾದ, ಮೆತ್ತನೆಯ ಪೊರೆಗಳು. ರಕ್ತದಲ್ಲಿ ತೇಲುತ್ತ ಬಂದು ಒಂದಕ್ಕೊಂದು ತಾಗಿಕೊಳ್ಳುವಾಗ ಅವು ಹೇಳಿಕೊಳ್ಳುವಂಥ ಸದ್ದೇನೂ ಮಾಡುವುದಿಲ್ಲ. ಸದ್ದು ಬರುವುದು ಅದರ ಮರುಗಳಿಗೆಯಲ್ಲಿ.

ಒದ್ದೆ ಸೀರೆಯನ್ನು ಹಿಂಡಿದ ಮೇಲೆ ನೀವೂ ಅತ್ತೆಯವರೂ ಎರಡು ತುದಿ ಹಿಡಿದು ಝಾಡಿಸುವುದನ್ನು ನೆನೆಸಿಕೊಳ್ಳಿ. ಸೀರೆ ಸಡಿಲವಾಗಿ ಇಳಿಬಿದ್ದಿರುವಷ್ಟು ಹೊತ್ತು ಸದ್ದಿಲ್ಲ. ಇಬ್ಬರೂ ಎಳೆದು, ಬಟ್ಟೆ ಥಟ್ಟನೆ ಬಿಗಿಯಾದಾಗ ‘ಪಟ್’ ಎನ್ನುತ್ತದೆ. ಕವಾಟವೂ ಹಾಗೆಯೇ. ಹೃದಯದ ಕೆಳಗಿನ ಕೋಣೆ, ಅಂದರೆ ಹೃತ್ಕುಕ್ಷಿ, ಕುಗ್ಗಲು ಶುರುಮಾಡಿದ ಕೂಡಲೇ ಒಳಗಿನ ರಕ್ತ ಹಿಂದಕ್ಕೆ, ಮೇಲಿನ ಕೋಣೆಯ ಕಡೆಗೆ ನುಗ್ಗಲು ನೋಡುತ್ತದೆ. ಎಸಳುಗಳು ಕೂಡಿಕೊಂಡು ಹಾಯಿಯಂತೆ ಉಬ್ಬುತ್ತವೆ. ಎಸಳಿನ ಅಂಚಿಗೆ ಕಟ್ಟಿರುವ ನೂಲಿನಂಥ ಗಟ್ಟಿ ದಾರಗಳು ಅವು ಮೇಲಕ್ಕೆ ಮಗುಚಿಕೊಳ್ಳದಂತೆ ಎಳೆದು ಹಿಡಿಯುತ್ತವೆ. ನುಗ್ಗುತ್ತಿದ್ದ ರಕ್ತ ತಟಕ್ಕನೆ ನಿಲ್ಲುತ್ತದೆ. ಹಾಗೆ ನಿಂತಾಗ ರಕ್ತ, ಬಿಗಿದ ಎಸಳು, ದಾರ, ಹೃದಯದ ಗೋಡೆ ಎಲ್ಲ ಒಟ್ಟಾಗಿ ಕಂಪಿಸುತ್ತವೆ. ಅದೇ ‘ಲಬ್’. ಜೋರಾಗಿ ಬರುತ್ತಿರುವ ನಲ್ಲಿಯನ್ನು ಒಮ್ಮೆಗೇ ತಿರುಗಿಸಿ ನಿಲ್ಲಿಸಿದರೆ ಗೋಡೆಯೊಳಗಿನ ಪೈಪು ‘ಢಬ್’ ಎನ್ನುತ್ತದಲ್ಲ, ಅದು ನಲ್ಲಿಯ ಸದ್ದಲ್ಲ, ನಿಂತ ನೀರಿನ ಹೊಡೆತ. ಹೃದಯದ ಸದ್ದನ್ನು ಅರ್ಥಮಾಡಿಕೊಳ್ಳಲು ನನಗೆ ಬಾಗಿಲಿಗಿಂತ ಈ ಪೈಪೇ ಹೆಚ್ಚು ಸಹಾಯ ಮಾಡಿದೆ.

ಎರಡನೆಯದೂ ಹೀಗೇ ಹುಟ್ಟುತ್ತದೆ, ಜಾಗ ಮಾತ್ರ ಬೇರೆ. ಎಡ ಹೃತ್ಕುಕ್ಷಿ ಕುಗ್ಗುತ್ತ ಒಳಗಿನ ಒತ್ತಡ ಸುಮಾರು 120ರವರೆಗೆ ಏರುತ್ತದೆ, ಬಿ.ಪಿ. ಅಳೆಯುವಾಗ ನೀವು ನೋಡುವ ಮೇಲಿನ ಅಂಕಿ ಇದರಿಂದಲೇ ಬರುವುದು. ರಕ್ತ ಮಹಾಪಧಮನಿಗೆ, ಅಂದರೆ ದೇಹಕ್ಕೆಲ್ಲ ರಕ್ತ ಒಯ್ಯುವ ದೊಡ್ಡ ನಾಳಕ್ಕೆ, ಚಿಮ್ಮಿ ಹೋಗುತ್ತದೆ. ಆಮೇಲೆ ಸ್ನಾಯು ಸಡಿಲಗೊಂಡು ಒಳಗಿನ ಒತ್ತಡ ಮಹಾಪಧಮನಿಯ ಒತ್ತಡಕ್ಕಿಂತ ಕೆಳಗಿಳಿದ ಕೂಡಲೇ, ಹೊರಗೆ ಹೋದ ರಕ್ತ ಹಿಂದಿರುಗಲು ನೋಡುತ್ತದೆ. ಅಲ್ಲಿ ಮೂರು ಜೇಬುಗಳಂತಿರುವ ಕವಾಟ ತುಂಬಿಕೊಂಡು ಬಿಗಿಯುತ್ತದೆ. ಬಲಗಡೆ, ಶ್ವಾಸಕೋಶಕ್ಕೆ ಹೋಗುವ ನಾಳದ ಬುಡದಲ್ಲೂ ಇಂಥದೇ ಕವಾಟವಿದೆ. ಈ ಎರಡೂ ಸೇರಿ ‘ಡಬ್’. ಇವು ಹೆಚ್ಚು ಬಿಗಿ, ಇವುಗಳ ಸುತ್ತಲಿನ ನಾಳದ ಗೋಡೆಯೂ ಚೆನ್ನಾಗಿ ಪುಟಿಯುವಂಥದ್ದು. ಅದಕ್ಕೇ ‘ಡಬ್’ ಸ್ವಲ್ಪ ಚೂಪು, ಚಿಕ್ಕದು: ಸುಮಾರು 0.11 ಸೆಕೆಂಡ್. ‘ಲಬ್’ ಮಂದ್ರದಲ್ಲಿ, ಸುಮಾರು 0.14 ಸೆಕೆಂಡ್ ಎಳೆಯುತ್ತದೆ. ಕವಾಟ ತೆರೆಯುವಾಗ ಮಾತ್ರ, ಆರೋಗ್ಯವಂತರಲ್ಲಿ, ಏನೂ ಕೇಳಿಸುವುದಿಲ್ಲ.

ಯಾವುದು ಲಬ್, ಯಾವುದು ಡಬ್ ಎಂದು ಗೊಂದಲವಾದರೆ ಮಗಳ ಕತ್ತಿನ ಒಂದು ಪಕ್ಕದಲ್ಲಿ, ಗಂಟಲಗುಂಡಿಯ ಮಗ್ಗುಲಲ್ಲಿ ಎರಡು ಬೆರಳನ್ನು ಹಗುರವಾಗಿ ಇಟ್ಟು ನಾಡಿ ನೋಡಿ. ಒತ್ತಬೇಡಿ, ಎರಡೂ ಕಡೆ ಒಟ್ಟಿಗೆ ಮುಟ್ಟಬೇಡಿ. ನಾಡಿ ಬೆರಳಿಗೆ ತಾಗುವ ಹೊತ್ತಿಗೆ ಕೇಳುವ ಸದ್ದೇ ಮೊದಲನೆಯದು. ಮಣಿಕಟ್ಟಿನ ನಾಡಿ ಇದಕ್ಕೆ ಬೇಡ, ಅದು ಅಲ್ಲಿಗೆ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ. ನಿಮಿಷಕ್ಕೆ 72 ಬಡಿತವಿದ್ದರೆ ಒಂದೊಂದು ಬಡಿತಕ್ಕೆ ಸುಮಾರು 0.8 ಸೆಕೆಂಡ್, ಅದರಲ್ಲಿ ಲಬ್‌ನಿಂದ ಡಬ್‌ವರೆಗೆ ಸುಮಾರು 0.3, ಡಬ್‌ನಿಂದ ಮುಂದಿನ ಲಬ್‌ವರೆಗೆ 0.5. ಗಿಡ್ಡ ವಿರಾಮ, ಉದ್ದ ವಿರಾಮ. ಮಗಳು ಅಂಗಳದಲ್ಲಿ ಓಡಿ ಬಂದಾಗ ಕೇಳಿದರೆ ಉದ್ದ ವಿರಾಮವೇ ಹೆಚ್ಚು ಕುಗ್ಗಿ, ಎರಡೂ ಸಮನಾದಂತೆ ಕೇಳುತ್ತದೆ. ಆಗಂತೂ ಕತ್ತಿನ ನಾಡಿಯಿಲ್ಲದೆ ನಮಗೂ ತಿಳಿಯುವುದಿಲ್ಲ.

ಇನ್ನು ನಿಮ್ಮ ‘ಡ್ರಬ್’. ‘ಡಬ್’ ಎನ್ನುವುದು ಎರಡು ಸದ್ದುಗಳ ಜೋಡಿ ಎಂದೆನಲ್ಲ. ಎಡಗಡೆಯ ಮಹಾಪಧಮನಿ ಕವಾಟ ಒಂದು ಗಳಿಗೆ ಮೊದಲು, ಬಲಗಡೆಯ ಶ್ವಾಸಕೋಶದ ನಾಳದ ಕವಾಟ ಆಮೇಲೆ. ಉಸಿರು ಬಿಟ್ಟಾಗ ಎರಡರ ಅಂತರ ಎಷ್ಟು ಕಡಿಮೆಯೆಂದರೆ ಕಿವಿಗೆ ಒಂದೇ. ಮಗಳು ಉಸಿರೆಳೆದಾಗ ಎದೆಗೂಡು ಹಿಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಗಾಳಿ ಮಾತ್ರ ಒಳಗೆ ಬರುತ್ತದೆ ಎಂದುಕೊಳ್ಳಬೇಡಿ, ಹೊಟ್ಟೆ, ತಲೆ, ಕೈಕಾಲುಗಳ ಅಭಿಧಮನಿಗಳಿಂದ ರಕ್ತವೂ ಹೆಚ್ಚಾಗಿ ಹೃದಯದ ಬಲಭಾಗಕ್ಕೆ ಎಳೆದುಕೊಂಡು ಬರುತ್ತದೆ. ಹೆಚ್ಚು ರಕ್ತ ತುಂಬಿದ ಬಲ ಹೃತ್ಕುಕ್ಷಿಗೆ ಅದನ್ನು ಹೊರಗೆ ಕಳಿಸಲು ಹೆಚ್ಚು ಹೊತ್ತು ಬೇಕು. ಹಿಗ್ಗಿದ ಶ್ವಾಸಕೋಶದ ನಾಳಗಳೂ ಸಡಿಲವಾಗಿ ರಕ್ತವನ್ನು ಬರಮಾಡಿಕೊಳ್ಳುತ್ತವೆ, ಹಾಗಾಗಿ ಅಲ್ಲಿಂದ ರಕ್ತ ಹಿಂದಕ್ಕೆ ತಿರುಗುವುದೂ ತಡ. ಬಲಗಡೆಯ ಕವಾಟ ತಡವಾಗಿ ಮುಚ್ಚುತ್ತದೆ. ಅದೇ ವೇಳೆ ಶ್ವಾಸಕೋಶದಲ್ಲಿ ಒಂದಿಷ್ಟು ರಕ್ತ ಉಳಿದುಕೊಳ್ಳುವುದರಿಂದ ಎಡಗಡೆಗೆ ಬರುವುದು ಸ್ವಲ್ಪ ಕಡಿಮೆ, ಅದರ ಕೆಲಸ ಬೇಗ ಮುಗಿದು ಆ ಕವಾಟ ತುಸು ಮೊದಲೇ ಮುಚ್ಚುತ್ತದೆ. ಅಂತರ 0.04, 0.05 ಸೆಕೆಂಡಿನಷ್ಟಾದರೆ ಸಾಕು, ಚುರುಕು ಕಿವಿಗೆ ‘ಡ್ರಬ್’ ಸಿಗುತ್ತದೆ. ಹೃದಯದ ಬಲಭಾಗ ಉಸಿರಿನೊಂದಿಗೆ ಸರಾಗವಾಗಿ ಹೊಂದಿಕೊಳ್ಳುತ್ತಿದೆ ಎನ್ನುವುದನ್ನು ನೀವು ಅಲ್ಲಿ ಕೇಳುತ್ತಿದ್ದೀರಿ.

ಎಡಗಡೆ ಮೇಲ್ಭಾಗದಲ್ಲೇ ಏಕೆ ಕೇಳಿಸಿತು? ಬಲ ಕವಾಟದ ಸದ್ದು ಮೆಲ್ಲಗಿನದು, ಅದು ಚೆನ್ನಾಗಿ ಮುಟ್ಟುವುದು ಅಲ್ಲಿಗೆ ಮಾತ್ರ. ಕತ್ತಿನ ಕೆಳಗಿನ ಗುಳಿಯಿಂದ ಎದೆಮೂಳೆಯ ಮೇಲೆ ಬೆರಳು ಜಾರಿಸುತ್ತ ಬಂದರೆ ನಾಲ್ಕೈದು ಸೆಂಟಿಮೀಟರಿನಲ್ಲಿ ಅಡ್ಡಕ್ಕೆ ಒಂದು ಉಬ್ಬು ಸಿಗುತ್ತದೆ. ಅದರ ಪಕ್ಕದ್ದು ಎರಡನೆಯ ಪಕ್ಕೆಲುಬು, ಅದರ ಕೆಳಗಿನ ಸಂದು ನೀವು ಸ್ಟೆತಸ್ಕೋಪ್ ಇಟ್ಟ ಜಾಗ. ಅದೇ ಸಂದಿನ ಬಲಗಡೆ ಮಹಾಪಧಮನಿ ಕವಾಟ ಚೆನ್ನಾಗಿ ಕೇಳುತ್ತದೆ. ಎದೆಮೂಳೆಯ ಎಡ ಅಂಚಿನ ಕೆಳಭಾಗ ತ್ರಿದಳ ಕವಾಟಕ್ಕೆ, ಅಂದರೆ ಬಲಗಡೆಯ ಮೇಲಿನ, ಕೆಳಗಿನ ಕೋಣೆಗಳ ನಡುವಿನದಕ್ಕೆ. ದೊಡ್ಡವರಲ್ಲಿ ಐದನೆಯ ಸಂದಿನಲ್ಲಿ, ಕೊರಳೆಲುಬಿನ ನಡುವಿನಿಂದ ನೇರ ಕೆಳಗೆ, ಹೃದಯದ ತುದಿ ಕೈಗೆ ಮಿಡಿಯುವ ಜಾಗ ದ್ವಿದಳ ಕವಾಟಕ್ಕೆ, ಅಂದರೆ ಎಡಗಡೆಯ ಎರಡು ಕೋಣೆಗಳ ನಡುವಿನದಕ್ಕೆ. ನಾಲ್ಕೂ ಕವಾಟಗಳಿರುವುದು ಆ ನಾಲ್ಕು ಜಾಗಗಳ ಕೆಳಗೆ ಅಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಅವು ಎದೆಮೂಳೆಯ ಹಿಂದೆ ಒತ್ತೊತ್ತಾಗಿ ಕೂತಿವೆ. ರಕ್ತ ಹರಿಯುವ ದಿಕ್ಕಿಗೆ ಸದ್ದು ಸಾಗುತ್ತದೆ. ಕಾಲುವೆಯ ತೂಬಿನ ಸದ್ದು ನೀರು ಹೋಗುವ ಕಡೆಗೇ ಜೋರಾಗಿ ಕೇಳುವಂತೆ.

ನಿಮ್ಮ ಎದೆಯಲ್ಲಿ ಒಡಕು ಕೇಳದಿದ್ದಕ್ಕೆ ಕಾರಣ ಸರಳ: ದೊಡ್ಡವರ ಎದೆಯ ಮಾಂಸಖಂಡ, ಕೊಬ್ಬು ದಪ್ಪ, ಆ ಮೆಲ್ಲನೆಯ ಸದ್ದು ಅದನ್ನು ದಾಟಿ ಬರುವುದಿಲ್ಲ. ತನ್ನ ಎದೆಯನ್ನು ತಾನೇ ಕೇಳಿಕೊಳ್ಳುವಾಗ ಉಸಿರಿನ ಸದ್ದೂ ಅಡ್ಡ ಬರುತ್ತದೆ. ಅತ್ತೆಯವರ ವಯಸ್ಸಿನಲ್ಲಂತೂ ಎರಡನೆಯ ಸದ್ದು ಒಂದೇ ಆಗಿ ಕೇಳುವುದು ಸಾಮಾನ್ಯ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು, ಏಕೆಂದರೆ ಕಿವಿಗೆ ಬಿದ್ದದ್ದನ್ನು ನಂಬುವುದು ದೊಡ್ಡವರಿಗೂ ಕಷ್ಟವಾಗಿತ್ತು. ರಕ್ತ ದೇಹದಲ್ಲಿ ಸುತ್ತುತ್ತದೆಂದು ತೋರಿಸಿಕೊಟ್ಟ ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರ ತಮ್ಮ ಪುಸ್ತಕದಲ್ಲಿ ಬಡಿತದೊಂದಿಗೆ ಎದೆಯಲ್ಲಿ ಸದ್ದು ಕೇಳುತ್ತದೆ ಎಂದು ಬರೆದರು, ಕುದುರೆ ನೀರು ಗುಟುಕರಿಸುವುದಕ್ಕೆ ಹೋಲಿಸಿದರು. ವೆನಿಸ್ಸಿನ ವೈದ್ಯ ಪಾರಿಸಾನೊ ಅದನ್ನು ಗೇಲಿ ಮಾಡಿ, ನಮ್ಮ ವೆನಿಸ್ಸಿನಲ್ಲಂತೂ ಅಂಥ ಸದ್ದು ಯಾರಿಗೂ ಕೇಳುವುದಿಲ್ಲ ಎಂದ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯರ ಬಳಿ ಹೃದಯದ ತೊಂದರೆಯ ಒಬ್ಬ ಯುವತಿ ಬಂದಳು. ಎದೆಗೆ ನೇರ ಕಿವಿಯಿಡುವುದು ಮರ್ಯಾದೆಯಲ್ಲ. ಮರದ ತೊಲೆಯ ಒಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಕೇಳುತ್ತದೆ ಎನ್ನುವುದು ಅವರಿಗೆ ನೆನಪಾಯಿತು. ಒಂದು ದಸ್ತು ಕಾಗದವನ್ನು ಬಿಗಿಯಾಗಿ ಸುತ್ತಿ, ಒಂದು ತುದಿ ಎದೆಗೆ, ಇನ್ನೊಂದು ಕಿವಿಗೆ ಇಟ್ಟರು. ಕಿವಿಯನ್ನೇ ಇಟ್ಟಿದ್ದಕ್ಕಿಂತ ಚೆನ್ನಾಗಿ ಕೇಳಿಸಿತು. ನಿಮ್ಮ ಮನೆಯ ಸ್ಟೆತಸ್ಕೋಪಿನ ಮೂಲ ಆ ಕಾಗದದ ಸುರುಳಿ.

ಅಷ್ಟು ಚೆನ್ನಾಗಿ ಕೇಳಿಸಿಕೊಂಡ ಲೆನೆಕ್ ಕೂಡ ಎರಡನೆಯ ಸದ್ದಿನ ಕಾರಣವನ್ನು ತಪ್ಪಾಗಿ ಊಹಿಸಿದರು. ಮೇಲಿನ ಕೋಣೆಗಳು ಕುಗ್ಗುವುದರಿಂದ ಅದು ಬರುತ್ತದೆ ಎಂದುಕೊಂಡಿದ್ದರು. 1832ರಲ್ಲಿ ಪ್ಯಾರಿಸ್ಸಿನಲ್ಲೇ ರುವಾನೆ ಎಂಬುವರು ಸದ್ದು ಕವಾಟದ್ದು ಎಂದು ವಾದಿಸಿದರು. ಅದೇ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ಹೋಪ್ ಮತ್ತು ಅವರ ಸಮಕಾಲೀನರು ಪ್ರಜ್ಞೆ ತಪ್ಪಿಸಿದ ಕತ್ತೆಗಳ ಎದೆ ತೆರೆದು, ನಾಳದ ಬುಡದ ಕವಾಟವನ್ನು ಸಣ್ಣ ಕೊಕ್ಕೆಯಿಂದ ಹಿಡಿದು ಮುಚ್ಚದಂತೆ ತಡೆದರು. ಎರಡನೆಯ ಸದ್ದು ಹೋಯಿತು. ಕೊಕ್ಕೆ ತೆಗೆದರು, ಸದ್ದು ಮರಳಿತು. ಆ ಪ್ರಾಣಿಗಳನ್ನು ನೆನೆದರೆ ಸಂಕಟವಾಗುತ್ತದೆ, ಆದರೆ ನಾನು ಇಂದು ನಿಮಗೆ ಧೈರ್ಯದಿಂದ ಬರೆಯುತ್ತಿರುವುದರಲ್ಲಿ ಅವುಗಳ ಪಾಲೂ ಇದೆ.

ಹಾಗೆಯೇ ಅತ್ತೆಯವರ ಬಿ.ಪಿ. ನೋಡುವಾಗ ಮೊಣಕೈ ಮಡಿಕೆಯಲ್ಲಿ ನಿಮಗೆ ಕೇಳುವ ಟಕ್ ಟಕ್ ಹೃದಯದ ಸದ್ದಲ್ಲ. ಪಟ್ಟಿ ಅದುಮಿದ ಅಪಧಮನಿಯ ಸಂದಿನಲ್ಲಿ ರಕ್ತ ನುಸುಳುವಾಗ ಅಲ್ಲೇ ಹುಟ್ಟುವ ಸದ್ದು. ಅದನ್ನು 1905ರಲ್ಲಿ ರಷ್ಯಾದ ಕೊರೊಟ್ಕೋವ್ ಗುರುತಿಸಿದರು. ಪಟ್ಟಿ ಪೂರ್ತಿ ಸಡಿಲಿಸಿದ ಮೇಲೆ ಅಲ್ಲಿ ಮೌನವಾಗುವುದೇ ಅದಕ್ಕೆ ಸಾಕ್ಷಿ.

ಮಗಳ ಎದೆಯಲ್ಲಿ ಇನ್ನೊಂದು ಸದ್ದೂ ನಿಮಗೆ ಸಿಕ್ಕೀತು, ಈಗಲೇ ಹೇಳಿಬಿಡುತ್ತೇನೆ, ಮತ್ತೆ ನಿದ್ದೆ ಕೆಡುವುದು ಬೇಡ. ಅವಳನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತಸ್ಕೋಪಿನಲ್ಲಿ ಗಂಟೆಯಾಕಾರದ ಬದಿಯಿದ್ದರೆ ಅದನ್ನು ಹೃದಯದ ತುದಿಯ ಮೇಲೆ ಒತ್ತದೆ ಇಡಿ. ‘ಡಬ್’ ಆದ ಸ್ವಲ್ಪ ಹೊತ್ತಿಗೆ, ದೂರದಲ್ಲಿ ಯಾರೋ ಮೆತ್ತನೆ ಹಾಸಿಗೆಗೆ ಗುದ್ದಿದಂತೆ ಒಂದು ಮಂದ ಸದ್ದು ಬರಬಹುದು: ಲಬ್-ಡಬ್-ಬ. ಇದು ಮೂರನೆಯ ಸದ್ದು. ಮೇಲಿನ ಕೋಣೆಯಿಂದ ರಕ್ತ ಕೆಳಗಿನ ಕೋಣೆಗೆ ವೇಗವಾಗಿ ಸುರಿದು, ಗೋಡೆ ಹಿಗ್ಗಿ ಹಿಗ್ಗಿ ಒಮ್ಮೆಗೇ ತಡೆದಾಗ ಹುಟ್ಟುವ ಕಂಪನ. ಮಕ್ಕಳಲ್ಲಿ, ಹರೆಯದವರಲ್ಲಿ, ಬಸುರಿಯರಲ್ಲಿ ಇದು ಸಹಜ. ಇದೇ ಸದ್ದು 40 ದಾಟಿದವರಲ್ಲಿ ಹೊಸದಾಗಿ ಕಾಣಿಸಿದರೆ ನಾವು ಎಚ್ಚರವಾಗುತ್ತೇವೆ, ಹೃದಯ ಸೋಲುತ್ತಿರಬಹುದು. ವಯಸ್ಸು ನೋಡದೆ ಹೃದಯದ ಸದ್ದಿಗೆ ಅರ್ಥ ಕಟ್ಟಬಾರದು ಎನ್ನುವುದು ಇದಕ್ಕೇ. ಗಂಟೆಯ ಬದಿಯನ್ನು ಒತ್ತಿದರೆ ಕೆಳಗಿನ ಚರ್ಮವೇ ಬಿಗಿದ ಪೊರೆಯಾಗಿ ಮಂದ್ರದ ಸದ್ದೆಲ್ಲ ಸೋಸಿಹೋಗುತ್ತದೆ. ‘ಡ್ರಬ್’ ಕೇಳಲು ಚಪ್ಪಟೆ ತಟ್ಟೆಯ ಬದಿಯೇ ಸರಿ, ಅದನ್ನು ಬಿಗಿಯಾಗಿ ಒತ್ತಬೇಕು.

ಮೊದಲ ಸದ್ದು ದಿನಕ್ಕೊಂದು ರೀತಿ ಜೋರಾಗಿ, ಮೆತ್ತಗೆ ಕೇಳಿದರೂ ಗಾಬರಿ ಬೇಡ. ಕೆಳಗಿನ ಕೋಣೆ ಕುಗ್ಗುವ ಹೊತ್ತಿಗೆ ಎಸಳುಗಳು ಎಷ್ಟು ಅಗಲ ತೆರೆದಿದ್ದವು, ಎಷ್ಟು ರಭಸದಿಂದ ಕೂಡಿ ಬಿಗಿದವು ಎನ್ನುವುದರ ಮೇಲೆ ಅದರ ಜೋರು ನಿಂತಿದೆ. ಜ್ವರ, ಓಟ, ಹೆದರಿಕೆ, ರಕ್ತಹೀನತೆ ಇವೆಲ್ಲ ಅದನ್ನು ಜೋರು ಮಾಡುತ್ತವೆ. ಆದರೆ ಇದೇ ಕಾರಣಕ್ಕೆ ಒಂದು ಕಾಯಿಲೆಯೂ ಲಬ್‌ನಲ್ಲಿ ತಾನಾಗಿ ಸುಳಿವು ಕೊಡುತ್ತದೆ. ಗಂಟಲುನೋವಿನ ನಂತರ ಬರುವ ಕೀಲುವಾತದ ಜ್ವರದಿಂದ ದ್ವಿದಳ ಕವಾಟ ಅಂಟಿಕೊಂಡು ಕಿರಿದಾದವರಲ್ಲಿ, ಎಸಳುಗಳು ಕೊನೆಯ ಗಳಿಗೆಯವರೆಗೂ ಅಗಲವಾಗಿ ತೆರೆದೇ ಇರುತ್ತವೆ, ಆಮೇಲೆ ರಭಸದಿಂದ ಬಿಗಿಯುತ್ತವೆ. ಆ ‘ಲಬ್’ ಕೈಗೂ ತಟ್ಟುವಷ್ಟು ಜೋರು. ನಮ್ಮ ದೇಶದಲ್ಲಿ ಈ ಕಾಯಿಲೆ ಇನ್ನೂ ಹೋಗಿಲ್ಲ. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ಮೊದಲ ಬಸುರಿನಲ್ಲಿ ಏದುಸಿರು ಬಿಡುತ್ತ ಬಂದಾಗ ಮಾತ್ರ ಅದು ಗೊತ್ತಾದ ಪ್ರಸಂಗಗಳನ್ನು ನಾನು ನೋಡಿದ್ದೇನೆ. ಆಗೆಲ್ಲ ಬಾಲ್ಯದ ಆ ಗಂಟಲುನೋವಿಗೆ ಸರಿಯಾದ ಔಷಧಿ ಬಿದ್ದಿದ್ದರೆ ಎಂದು ಮನಸ್ಸು ಕುದಿಯುತ್ತದೆ. ನಿಮ್ಮ ಮಗಳಿಗೆ ಜ್ವರದೊಂದಿಗೆ ಗಂಟಲುನೋವು ಬಂದರೆ, ಅದಾದ ಎರಡು ಮೂರು ವಾರಕ್ಕೆ ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುವ ಊತ, ನೋವು ಕಂಡರೆ, ಮನೆಮದ್ದಿನಲ್ಲಿ ದಿನ ಕಳೆಯಬೇಡಿ.

ಒಡಕಿನಲ್ಲಿ ಹೆದರಬೇಕಾದ ಬಗೆಯೂ ಒಂದಿದೆ. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದ್ದರೆ ಬಲಗಡೆಗೆ ಯಾವಾಗಲೂ ಹೆಚ್ಚುವರಿ ರಕ್ತ ಬರುತ್ತಲೇ ಇರುತ್ತದೆ. ಉಸಿರೆಳೆದರೂ ಬಿಟ್ಟರೂ ಅಂತರ ಒಂದೇ ಸಮ, ಅಗಲವಾಗಿ ನಿಂತುಬಿಡುತ್ತದೆ. ಇಂಥ ಮಕ್ಕಳು ಆಡಿಕೊಂಡೇ ಇರುತ್ತಾರೆ, ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಎಷ್ಟೋ ಸಲ ಈ ಅಲುಗಾಡದ ಒಡಕೇ ಮೊದಲ ಸುಳಿವು. ನಿಮ್ಮ ಮಗಳದು ಉಸಿರು ಬಿಟ್ಟಾಗ ಕೂಡಿಕೊಳ್ಳುತ್ತದೆ ಎಂದು ನೀವೇ ಬರೆದಿದ್ದೀರಿ. ಆ ಒಂದು ಸಾಲು ಓದಿ ನನಗೆ ನೆಮ್ಮದಿಯಾಯಿತು. ಮಲಗಿದಾಗ ಕೆಲವು ಮಕ್ಕಳಲ್ಲಿ ಉಸಿರು ಬಿಟ್ಟಾಗಲೂ ಸಣ್ಣ ಒಡಕು ಉಳಿಯುವುದುಂಟು, ಆಗ ಎಬ್ಬಿಸಿ ಕೂರಿಸಿ ಕೇಳಬೇಕು. ಕೂತಾಗಲೂ ಕೂಡಿಕೊಳ್ಳದಿದ್ದರೆ, ಅಥವಾ ಲಬ್ ಮತ್ತು ಡಬ್ ನಡುವಿನ ಮೌನದಲ್ಲಿ ಗಾಳಿ ಊದಿದಂಥ ‘ಶ್ಶ್’ ಸದ್ದು ಕೇಳಿದರೆ, ಮಕ್ಕಳ ವೈದ್ಯರಿಗೆ ತೋರಿಸಿ. ಆ ‘ಶ್ಶ್’ ಕೂಡ ಮಕ್ಕಳಲ್ಲಿ ಬಹುಪಾಲು ನಿರಪಾಯದ್ದೇ, ಆದರೆ ಅದನ್ನು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು. ಬೇಕೆನಿಸಿದರೆ ಅವರು ಎಕೊ ಮಾಡಿಸುತ್ತಾರೆ. ನೋವಿಲ್ಲದ ಸ್ಕ್ಯಾನಿಂಗ್ ಅದು. ಆಟದಲ್ಲಿ ಬೇಗ ಸುಸ್ತು, ತೂಕ ಏರದಿರುವುದು, ತುಟಿ ನೀಲಿಗಟ್ಟುವುದು, ಎಚ್ಚರ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಸದ್ದು ಹೇಗೇ ಇರಲಿ, ತಡಮಾಡದೆ ಹೋಗಿ. ಇದಾವುದೂ ಇಲ್ಲದಿದ್ದರೂ, ಶಾಲೆಗೆ ಆರೋಗ್ಯ ತಪಾಸಣೆಯವರು ಬಂದಾಗ ನೀವು ಕೇಳಿದ್ದನ್ನು ಹೇಳಿ, ಅವರೊಮ್ಮೆ ಕೇಳಲಿ.

ಮುಂದಿನ ಸಲ ಕೇಳುವಾಗ ಫ್ಯಾನ್ ನಿಲ್ಲಿಸಿ, ಬಟ್ಟೆಯ ಮೇಲಿಂದ ಬೇಡ, ಚರ್ಮದ ಮೇಲೇ ಇಡಿ; ತಟ್ಟೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ, ತಣ್ಣಗಿದ್ದರೆ ಮಗು ಉಸಿರು ಬಿಗಿಹಿಡಿಯುತ್ತದೆ. ಕಿವಿಯ ತುದಿಗಳು ಮೂಗಿನ ಕಡೆಗೆ ವಾಲಿರಬೇಕು. ಆಮೇಲೆ ಕೊಳವೆಯನ್ನು ಮಗಳ ಕಿವಿಗೇ ಕೊಟ್ಟು, ಅವಳ ಎದೆಯ ಮೇಲೆ ನೀವು ಹಿಡಿದುಕೊಳ್ಳಿ. ಮೆಲ್ಲನೆ ಉಸಿರೆಳೆ, ಮೆಲ್ಲನೆ ಬಿಡು ಎನ್ನಿ. ಯಾವಾಗ ಎರಡಾಯಿತು ಎಂದು ಅವಳೇ ಹೇಳಲಿ.